2020ರ ಶೈಕ್ಷಣಿಕ ಪಂಚಾಂಗವೂ ಕರಾವಳಿಯ ಮೂರು ತಾಲೂಕುಗಳೂ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಪದವಿ ಕಾಲೇಜುಗಳು ಘಟ್ಟದ ಮೇಲಿನ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಂಚಾಂಗವನ್ನು ಅನುಸರಿಸತಕ್ಕವು. 2020ರ ಮಾರ್ಚ್ 25ರಂದು ದೇಶವೆಲ್ಲ ಸ್ತಬ್ಧವಾದಾಗ ಆ ಪಂಚಾಂಗವು ನಿಷ್ಪ್ರಯೋಜಕವಾಯಿತು. ಜಿಲ್ಲೆಯ ಮೊದಲ ಕೊರೋನಾ ಸೋಂಕು ಆ ವೇಳೆಗಾಗಲೇ ಭಟ್ಕಳದಲ್ಲಿ ಕಂಡುಬಂದಿದ್ದಿತು.

ಏಪ್ರಿಲ್ 29ರಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ಪರೀಕ್ಷೆಗಳಿಗೆ ಜುಲೈ ತಿಂಗಳನ್ನೂ, ಹಳೆಯ ವಿದ್ಯಾರ್ಥಿಗಳ ತರಗತಿಗಳಿಗೆ ಆಗಸ್ಟನ್ನೂ, ಹೊಸಬರಿಗೆ ಸೆಪ್ಟೆಂಬರನ್ನೂ ಸೂಚಿಸಿತು. ಶರಾವತಿ, ಅಘನಾಶಿನಿಗಳ ದಡದಲ್ಲಿ ಜುಲೈ ಎಂದರೆ ಮಳೆಯ ಭರ. ದೆಹಲಿಯ ಕಾಗದಕ್ಕೆ ಇದು ತಿಳಿದಿರಲೆಂದು ನಾವು ಅಪೇಕ್ಷಿಸಲಾಗದು. ರೋಗವೇ ಆ ಗಡುವನ್ನು ಮುರಿಯಿತು. ಜುಲೈ 6ರ ಪರಿಷ್ಕೃತ ಸೂಚನೆ ಅಂತಿಮ ವರ್ಷದ ಪರೀಕ್ಷೆಯನ್ನು ಸೆಪ್ಟೆಂಬರ್ ಅಂತ್ಯಕ್ಕೆ ಒಯ್ದಿತು. ಉಳಿದವರನ್ನು ರಾಜ್ಯ ಸರ್ಕಾರವು ಪರೀಕ್ಷೆಯಿಲ್ಲದೆ ಮುಂದಕ್ಕೆ ಕಳುಹಿಸಿತು. ಅಂತಿಮ ಪರೀಕ್ಷೆಯಿಲ್ಲದೆ ಪದವಿಯಿಲ್ಲವೆಂದೂ, ಕಾಲ ಸಾಲದ ರಾಜ್ಯಗಳು ಗಡುವಿನ ವಿಸ್ತರಣೆ ಕೋರಬಹುದೆಂದೂ ಸರ್ವೋಚ್ಚ ನ್ಯಾಯಾಲಯವು ಆಗಸ್ಟ್ 28ರಂದು ತೀರ್ಪಿತ್ತಿತು.

ಈ ತೀರ್ಪಿನ ಭಾರವೆಲ್ಲ ಅಂತಿಮ ವರ್ಷದವರ ಮೇಲೆ ಬಿದ್ದಿತೆಂಬುದು ನಮ್ಮ ಅಭಿಪ್ರಾಯ. ಕೊಲ್ಲಿ ರಾಷ್ಟ್ರಗಳ ಉದ್ಯೋಗವನ್ನು ನಂಬಿದ ಭಟ್ಕಳದಂತಹ ಊರಿನಲ್ಲಿ ಪದವಿಪತ್ರ ತಡವಾದರೆ ಪ್ರಯಾಣವೂ ತಡವೇ.

ನವೆಂಬರ್ 17ರಂದು ರಾಜ್ಯದ ಕಾಲೇಜುಗಳು ಪುನಃ ತೆರೆದವು. ಒಳಹೊಗಲು ಪಾಲಕರ ಒಪ್ಪಿಗೆ ಪತ್ರವೂ, ಸೋಂಕಿಲ್ಲವೆಂಬ ವರದಿಯೂ ಬೇಕಾಗಿದ್ದವು.