ಮನೆಯ ಸುತ್ತಣ ವಿಷಸರ್ಪಗಳು: ಗುರುತು ಮತ್ತು ಚಿಕಿತ್ಸೆಯ ಇತಿಹಾಸ

ಕೃಷಿಯನ್ನು ಅವಲಂಬಿಸಿದ ಜನಜೀವನದಲ್ಲಿ ಸರ್ಪಭಯವು ಕಾಡಿನದಲ್ಲ, ಮನೆಯಂಗಳದ್ದು. ಕಣಜದ ಧಾನ್ಯಕ್ಕೆ ಇಲಿಯೂ, ಇಲಿಯನ್ನರಸಿ ನಾಗರಹಾವೂ ಬರುತ್ತವೆ. ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ರಾತ್ರಿಯಲ್ಲಿ ಕಚ್ಚುತ್ತದೆ. ಈ ಭಯವನ್ನು ಹಿಂದಿನವರು ಎದುರಿಸಿದ ಬಗೆಯಲ್ಲಿ ಹಾವನ್ನು ಗುರುತಿಸುವ ವಿದ್ಯೆ ಮತ್ತು ವಿಷವನ್ನಿಳಿಸುವ ವಿದ್ಯೆ ಎಂಬ ಎರಡನ್ನು ಬೇರ್ಪಡಿಸಿ ನೋಡುವುದು ಅವಶ್ಯಕ. ಏಕೆಂದರೆ ಕಾಲದ ಪರೀಕ್ಷೆಯಲ್ಲಿ ಇವು ಒಂದೇ ಫಲವನ್ನು ಕಾಣಲಿಲ್ಲ.

ಸುಶ್ರುತಸಂಹಿತೆಯ ಕಲ್ಪಸ್ಥಾನವು ಸರ್ಪಗಳನ್ನು ದರ್ವೀಕರ, ಮಂಡಲಿ, ರಾಜಿಮಂತ, ನಿರ್ವಿಷ, ವೈಕರಂಜ ಎಂದು ವಿಂಗಡಿಸುತ್ತದೆ. ಹೆಡೆಯುಳ್ಳ ದರ್ವೀಕರವು ನಾಗರಹಾವು. ಮೈಮೇಲೆ ಮಂಡಲಗಳುಳ್ಳದ್ದು ಇಂದಿನ ಮಂಡಲದ ಹಾವು. ಪಟ್ಟೆಗಳುಳ್ಳ ರಾಜಿಮಂತವು ಕಟ್ಟುಹಾವನ್ನು ಹೋಲುತ್ತದೆ. ಕೊಳಕುಮಂಡಲವೆಂಬ ಕನ್ನಡದ ಹೆಸರು ಆ ಹಳೆಯ ಲಕ್ಷಣವನ್ನು ಇಂದಿಗೂ ಹೇಳುತ್ತಿದೆ. ಅದೇ ಗ್ರಂಥವು ವಿಧಿಸುವ ಚಿಕಿತ್ಸೆಯಾದರೋ ಕಚ್ಚಿದ ಸ್ಥಳದ ಮೇಲೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು, ಸುಡುವುದು. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜನು ತನ್ನ 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿಯೇ ನಿರೂಪಿಸಿದನು. ಸಂಸ್ಕೃತವನ್ನು ಅರಿಯದವರಿಗೂ ಈ ಶಾಸ್ತ್ರವು ಎಟುಕುವಂತಾದುದು ಇದರಿಂದ.

ಇಂಥ ಚಿಕಿತ್ಸೆಗಳು ದೀರ್ಘಕಾಲ ಉಳಿದುದಕ್ಕೆ ಕಾರಣವುಂಟು. ಕಚ್ಚುವ ಹಾವುಗಳಲ್ಲಿ ಹಲವು ನಿರ್ವಿಷ. ವಿಷದ ಹಾವೂ ಎಲ್ಲ ಸಲ ವಿಷವನ್ನು ಇಳಿಸುವುದಿಲ್ಲ. ಬದುಕಿ ಉಳಿದವರ ಕೀರ್ತಿಯು ಮದ್ದಿಗೂ ಮಂತ್ರಕ್ಕೂ ಸಂದಿತು.

ಪ್ಯಾಟ್ರಿಕ್ ರಸೆಲ್‌ನು ಕೋರಮಂಡಲ ತೀರದ ಹಾವುಗಳ ಸಚಿತ್ರ ಗ್ರಂಥವನ್ನು 1796ರಲ್ಲಿ ಪ್ರಕಟಿಸಿ ವಿಷಸರ್ಪಗಳನ್ನು ಗುರುತಿಸುವ ಕಾರ್ಯವನ್ನು ಮುಂದುವರಿಸಿದನು. 1872ರಲ್ಲಿ ತನ್ನ ಮಹಾಗ್ರಂಥವನ್ನು ಹೊರತಂದ ಜೋಸೆಫ್ ಫೇರರ್‌ನಿಗೆ ಪರೀಕ್ಷಿಸಿದ ಮದ್ದುಗಳಲ್ಲಿ ನಂಬತಕ್ಕ ಪ್ರತಿವಿಷವೊಂದೂ ದೊರೆಯಲಿಲ್ಲ. 1890ರ ದಶಕದಲ್ಲಿ ಆಲ್ಬರ್ಟ್ ಕಾಲ್ಮೆಟ್‌ನು ನಾಗರವಿಷಕ್ಕೆ ಪ್ರತಿವಿಷದ ಸೀರಮ್ಮನ್ನು ಸಿದ್ಧಪಡಿಸಿದನು. ಆದರೆ ನಾಗರಕ್ಕೆ ಸಲ್ಲುವ ಸೀರಮ್ಮು ಕೊಳಕುಮಂಡಲಕ್ಕೆ ಸಲ್ಲದೆಂದು ಬಳಿಕ ಭಾರತದಲ್ಲಿ ಜಾರ್ಜ್ ಲ್ಯಾಂಬ್ ನಡೆಸಿದ ಪ್ರಯೋಗಗಳು ತೋರಿಸಿದವು. ಜಾತಿಭೇದದಂತೆ ವಿಷಭೇದವೆಂಬ ಹಳೆಯ ತಿಳಿವಳಿಕೆಯು ಇಲ್ಲಿ ಪ್ರಯೋಗಶಾಲೆಯ ಸಾಕ್ಷ್ಯವನ್ನು ಪಡೆಯಿತು. ಇಂದು ನಮ್ಮ ದೇಶದಲ್ಲಿ ತಯಾರಾಗುವ ಬಹುಸರ್ಪ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳೆಂಬ ನಾಲ್ಕಕ್ಕೂ ಅನ್ವಯಿಸುತ್ತದೆ.

ಹೀಗೆ ಗುರುತಿನ ವಿದ್ಯೆಯು ಬೆಳೆದು ಉಳಿಯಿತು; ಕಟ್ಟುವ, ಕೊಯ್ಯುವ, ಹೀರುವ ವಿಧಿಗಳು ಹಾನಿಕರವೆಂದು ತ್ಯಾಜ್ಯವಾದವು. ಆದರೂ ಅವು ಹಳ್ಳಿಗಳಿಂದ ಪೂರ್ಣವಾಗಿ ಮರೆಯಾಗಿಲ್ಲ. 2000ರಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಚ್ಚಿ ಮೃತರಾದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ಇವರಲ್ಲಿ ಬಹುಪಾಲು ಗ್ರಾಮಾಂತರದವರು. 2024ರಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಪ್ರಕರಣವೆಂದು ಘೋಷಿಸಿತು. ಪ್ರಾಚೀನ ಗ್ರಂಥಗಳಲ್ಲಿ ಸರ್ಪಲಕ್ಷಣಗಳನ್ನು ಓದುವ ವಿದ್ಯಾರ್ಥಿಯು ಅವುಗಳ ಚಿಕಿತ್ಸಾಭಾಗವನ್ನು ಇತಿಹಾಸವೆಂದೇ ಭಾವಿಸತಕ್ಕದ್ದು. ಕಡಿತಕ್ಕೊಳಗಾದವನನ್ನು ಅಲುಗಾಡಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ಬೇಗನೆ ಸೇರಿಸುವುದೇ ಇಂದಿನ ವಿಧಿ.