ವಿಡಿಯೊ ಗೇಮ್‌ಗಳಲ್ಲಿ ಗ್ರಾಫಿಕ್ಸ್ ಮತ್ತು ಆಟದ ಆಳ

ವಿಡಿಯೊ ಗೇಮ್‌ಗಳ ಗ್ರಾಫಿಕ್ಸ್ ಮುಂದುವರಿದಂತೆ ಆಟದ ಆಳ ಕುಗ್ಗುತ್ತದೆಯೇ ಎಂಬುದು ಗಣಕ ಆಟಗಳ ವಿಮರ್ಶೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಚರ್ಚೆಯಾಗಿದೆ. ಪರದೆಯ ಮೇಲಿನ ದೃಶ್ಯ ನೈಜವಾದಷ್ಟೂ ಆಟದ ನಿಯಮಗಳು ಸಪ್ಪೆಯಾಗುತ್ತವೆ ಎಂಬುದು ಒಂದು ಪಕ್ಷ. ಚಿತ್ರಶಕ್ತಿ ಬೆಳೆದದ್ದರಿಂದಲೇ ಹೊಸ ಬಗೆಯ ಆಟಗಳು ಹುಟ್ಟಿದವು ಎಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷಗಳ ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಹಾನಿಯ ಮೂಲ ಚಿತ್ರದ ಸೊಬಗಿನಲ್ಲಿಲ್ಲ, ಆ ಸೊಬಗಿಗೆ ತಗಲುವ ಹಣ, ಕಾಲ ಮತ್ತು ಶ್ರಮದ ಹಂಚಿಕೆಯಲ್ಲಿದೆ ಎಂಬುದು ಕಂಡುಬರುತ್ತದೆ. ಜಗತ್ತಿನ ಆಟಗಳಿಗೆ ಚಿತ್ರ ಒದಗಿಸುವ ಉದ್ಯಮ ಬೆಂಗಳೂರಿನಲ್ಲಿ ಬೆಳೆದಿರುವುದರಿಂದಲೂ, ಚಿತ್ರ ಉಳಿದು ಆಟ ಮರೆಯಾದ ಗಂಜೀಫಾ ಮೈಸೂರಿನಲ್ಲಿರುವುದರಿಂದಲೂ ಈ ಚರ್ಚೆಗೆ ಕರ್ನಾಟಕದಲ್ಲಿ ವಿಶೇಷ ಮಹತ್ವವಿದೆ.

ಪರಿಭಾಷೆ

ಗ್ರಾಫಿಕ್ಸ್ ಎಂದರೆ ಆಟವು ಕಣ್ಣಿಗೆ ಕಾಣುವ ರೂಪ: ಆಕೃತಿ, ಬಣ್ಣ, ಬೆಳಕು, ನೆರಳು, ಚಲನೆ. ಆಟದ ಆಳವೆಂದರೆ ನಿಯಮಗಳು ಆಟಗಾರನ ಮುಂದಿಡುವ ಅರ್ಥಪೂರ್ಣ ಆಯ್ಕೆಗಳ ವಿಸ್ತಾರ. ನಿಯಮಗಳು ಕೆಲವೇ ಇದ್ದರೂ ಆಡಿದಷ್ಟೂ ಹೊಸ ಸನ್ನಿವೇಶಗಳು ಎದುರಾದರೆ ಅಂತಹ ಆಟ ಆಳವಾದುದು. ನಿಯಮಗಳು ಹಲವಿದ್ದೂ ಗೆಲ್ಲುವ ದಾರಿ ಒಂದೇ ಆಗಿದ್ದರೆ ಆ ಆಟ ತೊಡಕಿನದು, ಆಳದ್ದಲ್ಲ.

ಚಿತ್ರವಿಲ್ಲದೆಯೂ ಆಳ ಸಾಧ್ಯ ಎಂಬುದಕ್ಕೆ ಕರ್ನಾಟಕದ ಮನೆಯಾಟಗಳೇ ಸಾಕ್ಷಿ. ಅಳಗುಳಿಮಣೆಯಲ್ಲಿರುವುದು ಎರಡು ಸಾಲುಗಳ ಹದಿನಾಲ್ಕು ಗುಳಿಗಳು ಮತ್ತು ಒಂದು ಹಿಡಿ ಹುಣಸೆಬೀಜ ಮಾತ್ರ. ದಾಳವಿಲ್ಲದ ಈ ಆಟದಲ್ಲಿ ಅದೃಷ್ಟಕ್ಕೆ ಎಡೆಯಿಲ್ಲ, ಎಣಿಕೆಯೇ ಎಲ್ಲ. ಹುಲಿ-ಕುರಿ ಆಟದ ಒಂದು ಪ್ರಚಲಿತ ರೂಪದಲ್ಲಿ ಮೂರು ಹುಲಿಗಳೂ ಹದಿನೈದು ಕುರಿಗಳೂ ಇರುತ್ತವೆ. ಹುಲಿ ಹಾರಿ ಹಿಡಿಯುತ್ತದೆ, ಕುರಿಗಳು ಕೂಡಿ ದಿಗ್ಬಂಧನ ಹಾಕುತ್ತವೆ. ಎರಡು ಪಕ್ಷಗಳ ಬಲವೂ ಗುರಿಯೂ ಬೇರೆಯಾಗಿರುವ ಈ ರಚನೆಗೆ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎಳೆದ ಗೆರೆಗಳು ಸಾಕು.

ಗ್ರಾಫಿಕ್ಸ್ ಬೆಳೆದುಬಂದ ಬಗೆ

ಆರಂಭಕಾಲದ ಗಣಕ ಆಟಗಳಲ್ಲಿ ಚಿತ್ರವು ತೀರ ಸರಳವಾಗಿತ್ತು. 1980ರ 'ರೋಗ್' ಆಟದಲ್ಲಿ ನೆಲ, ಗೋಡೆ, ರಾಕ್ಷಸ ಎಲ್ಲವೂ ಅಕ್ಷರಗಳೇ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೋವ್ 'ಟೆಟ್ರಿಸ್' ರಚಿಸಿದ ಎಲೆಕ್ಟ್ರಾನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸುವ ಸಾಮರ್ಥ್ಯವೇ ಇರಲಿಲ್ಲ. ಬೀಳುವ ತುಂಡುಗಳನ್ನು ಆವರಣ ಚಿಹ್ನೆಗಳಿಂದ ತೋರಿಸಲಾಗಿತ್ತು. 1990ರ ದಶಕದಲ್ಲಿ ಸಿ.ಡಿ.ಗಳೂ ಮೂರು ಆಯಾಮದ ಚಿತ್ರಣವೂ ಬಂದ ಮೇಲೆ ಚಿತ್ರದ ನೈಜತೆಯೇ ಆಟದ ಜಾಹೀರಾತಿನ ಮುಖ್ಯ ಅಂಶವಾಯಿತು.

ಹಾನಿಯಾಗುತ್ತದೆ ಎಂಬ ವಾದ

ಈ ಪಕ್ಷದ ಹಳೆಯ ನಿದರ್ಶನ 1983ರ 'ಡ್ರಾಗನ್ಸ್ ಲೇರ್'. ಡಾನ್ ಬ್ಲೂತ್ ಅವರ ಅನಿಮೇಷನ್ ಚಿತ್ರಗಳನ್ನು ಲೇಸರ್ ಡಿಸ್ಕಿನಿಂದ ತೋರಿಸುತ್ತಿದ್ದ ಈ ಆಟ ಆ ಕಾಲದ ಇತರ ಆಟಗಳಿಗಿಂತ ಎಷ್ಟೋ ಪಾಲು ಸುಂದರವಾಗಿತ್ತು. ಆದರೆ ಚಿತ್ರ ಮೊದಲೇ ಸಿದ್ಧವಾಗಿದ್ದುದರಿಂದ, ತಕ್ಕ ಕ್ಷಣದಲ್ಲಿ ತಕ್ಕ ಗುಂಡಿ ಒತ್ತುವುದಷ್ಟೇ ಆಟಗಾರನ ಪಾಲಿಗೆ ಉಳಿಯಿತು. 2015ರ 'ದಿ ಆರ್ಡರ್: 1886' ಆಟದ ಬಗೆಗೂ ವಿಮರ್ಶಕರು ಚಿತ್ರವನ್ನು ಹೊಗಳಿ ಆಟವನ್ನು ತೆಗಳಿದರು.

ಆಟರಚನಕಾರ ಕ್ರಿಸ್ ಕ್ರಾಫರ್ಡ್ 1980ರ ದಶಕದಲ್ಲಿಯೇ ಈ ಭೇದಕ್ಕೆ ತಾತ್ತ್ವಿಕ ರೂಪ ಕೊಟ್ಟರು. ಗಣಕವು ಸಿದ್ಧ ದತ್ತಾಂಶವನ್ನು ತೋರಿಸುವುದು ಬೇರೆ, ಆಟಗಾರನ ನಡೆಗೆ ತಕ್ಕಂತೆ ಲೆಕ್ಕ ಹಾಕಿ ಉತ್ತರಿಸುವುದು ಬೇರೆ. ಎರಡನೆಯದೇ ಗಣಕದ ನಿಜವಾದ ಬಲ ಎಂಬುದು ಅವರ ನಿಲುವು.

ವಾದದ ಇತರ ಆಧಾರಗಳು ಮೂರು.

ಮೊದಲನೆಯದು ವೆಚ್ಚ. 2023ರಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಬಯಲಾದ ಸೋನಿ ಸಂಸ್ಥೆಯ ದಾಖಲೆಗಳ ಪ್ರಕಾರ 'ದಿ ಲಾಸ್ಟ್ ಆಫ್ ಅಸ್ ಭಾಗ 2' (2020) ಆಟಕ್ಕೆ ಸುಮಾರು 22 ಕೋಟಿ ಡಾಲರ್, 'ಹೊರೈಜನ್ ಫರ್ಬಿಡನ್ ವೆಸ್ಟ್' (2022) ಆಟಕ್ಕೆ ಸುಮಾರು 21 ಕೋಟಿ ಡಾಲರ್ ತಗಲಿತ್ತು. ಇಷ್ಟು ಹಣ ಹೂಡಿದವರು ಪರೀಕ್ಷೆಗೊಳಗಾಗದ ನಿಯಮಗಳನ್ನು ನೆಚ್ಚಲು ಹಿಂಜರಿಯುತ್ತಾರೆ. ಹಿಂದೆ ಗೆದ್ದ ಆಟದ ಮುಂದಿನ ಭಾಗವನ್ನೇ ತಯಾರಿಸುವ ಪ್ರವೃತ್ತಿ ಬೆಳೆಯುತ್ತದೆ.

ಎರಡನೆಯದು ಪ್ರತಿಯೊಂದು ಕ್ರಿಯೆಯ ಬೆಲೆ. ಅಕ್ಷರಗಳ ಆಟದಲ್ಲಿ 'ಬಾಗಿಲನ್ನು ಸುಡು' ಎಂಬ ಹೊಸ ಕ್ರಿಯೆಯನ್ನು ಸೇರಿಸಲು ನಾಲ್ಕು ಸಾಲು ಸೂಚನೆ ಸಾಕಾಗಬಹುದು. ನೈಜ ಚಿತ್ರಣದ ಆಟದಲ್ಲಿ ಅದಕ್ಕೆ ಉರಿ, ಹೊಗೆ, ಇದ್ದಿಲು, ಕೈಯ ಚಲನೆ, ಸದ್ದು ಎಲ್ಲವನ್ನೂ ಸಿದ್ಧಪಡಿಸಬೇಕು. ಆದ್ದರಿಂದ ಆಟಗಾರನಿಗೆ ಅನುಮತಿಸುವ ಕ್ರಿಯೆಗಳನ್ನೇ ಕಡಿಮೆ ಮಾಡುವ ಒತ್ತಡ ಉಂಟಾಗುತ್ತದೆ.

ಮೂರನೆಯದು ಯಂತ್ರದ ಸಮಯ. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸಬೇಕಾದ ಆಟದಲ್ಲಿ ಒಂದೊಂದು ಚಿತ್ರಕ್ಕೆ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡ್. ಚಿತ್ರಣದ ಬಹುಪಾಲನ್ನು ಪ್ರತ್ಯೇಕ ಗ್ರಾಫಿಕ್ಸ್ ಸಂಸ್ಕಾರಕ ನಿರ್ವಹಿಸಿದರೂ ಅದಕ್ಕೆ ಬೇಕಾದ ಸಿದ್ಧತೆ, ಎದುರಾಳಿಯ ಯೋಚನೆ, ವಸ್ತುಗಳ ಚಲನೆ ಇವೆಲ್ಲ ಆ ಅವಧಿಯೊಳಗೇ ಮುಗಿಯಬೇಕು.

ಪ್ರತಿವಾದ

ಚಿತ್ರಶಕ್ತಿಯೇ ಆಟದ ಹೊಸ ಬಗೆಗಳನ್ನು ಹುಟ್ಟಿಸಿತು ಎಂಬುದು ಎದುರು ಪಕ್ಷದ ಮುಖ್ಯ ವಾದ. 1996ರ 'ಸೂಪರ್ ಮಾರಿಯೊ 64' ಆಟದಲ್ಲಿ ದೂರವನ್ನು ಅಳೆದು ನೆಗೆಯುವ, ಸುತ್ತಿ ಬಳಸಿ ಹೋಗುವ ಆಯ್ಕೆಗಳು ಮೂರು ಆಯಾಮದ ಚಿತ್ರಣವಿಲ್ಲದೆ ಸಾಧ್ಯವಿರಲಿಲ್ಲ. ದೂರದ ಶತ್ರುವನ್ನು ಗುರುತಿಸುವುದು, ನೆರಳಿನಲ್ಲಿ ಅಡಗುವುದು ಮುಂತಾದ ಆಟಗಳಲ್ಲಿ ಚಿತ್ರವೇ ನಿಯಮದ ಭಾಗ.

ಅಂದಮಾತ್ರಕ್ಕೆ ಆಳ ಕಳೆಯುವುದಿಲ್ಲ ಎಂಬುದಕ್ಕೆ 'ಡ್ವಾರ್ಫ್ ಫೋರ್ಟ್ರೆಸ್' ಸ್ಪಷ್ಟ ನಿದರ್ಶನ. ಆ್ಯಡಮ್ಸ್ ಸೋದರರು 2006ರಲ್ಲಿ ಬಿಡುಗಡೆ ಮಾಡಿದ ಈ ಆಟ ಅಕ್ಷರಚಿಹ್ನೆಗಳಲ್ಲೇ ಇದ್ದು, ತನ್ನ ಅಪಾರ ಆಳಕ್ಕೆ ಹೆಸರಾಗಿತ್ತು. 2022ರ ಡಿಸೆಂಬರಿನಲ್ಲಿ ಅದರ ಸಚಿತ್ರ ಆವೃತ್ತಿ ಬಂದಾಗ ಅದೇ ಲೋಕ ಬಹಳ ಹೆಚ್ಚು ಜನರನ್ನು ತಲುಪಿತು.

ಚಿತ್ರ ಮತ್ತು ನಿಯಮಗಳಿಗೆ ಕ್ರಮವಾದ ಪಾಲು ಕೊಡುವ ದಾರಿಯೂ ಇದೆ. ನಿಂಟೆಂಡೊ ಸಂಸ್ಥೆ 2017ರ 'ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಆಟವನ್ನು ರೂಪಿಸುವಾಗ, ಬೆಂಕಿ, ಗಾಳಿ ಮುಂತಾದವುಗಳ ಪರಸ್ಪರ ಕ್ರಿಯೆಯನ್ನು ಮೊದಲು ಎರಡು ಆಯಾಮದ, ಹಳೆಯ ಕಾಲದ ಚಿತ್ರಗಳ ಮಾದರಿಯಲ್ಲಿ ಆಡಿ ಪರೀಕ್ಷಿಸಿತು. ಅದೇ ಸಂಸ್ಥೆಯ 2006ರ ವೀ ಯಂತ್ರ ತನ್ನ ಸಮಕಾಲೀನ ಯಂತ್ರಗಳಿಗಿಂತ ಚಿತ್ರಶಕ್ತಿಯಲ್ಲಿ ಹಿಂದಿದ್ದರೂ 10 ಕೋಟಿಗೂ ಮಿಗಿಲಾಗಿ ಮಾರಾಟವಾಯಿತು.

ಆಟಗಾರರ ರೂಢಿ

ಸ್ಪರ್ಧೆಗಾಗಿ ಆಡುವವರು ಎಷ್ಟೋ ಸಲ ಗ್ರಾಫಿಕ್ಸ್ ಗುಣಮಟ್ಟವನ್ನು ತಾವಾಗಿಯೇ ತಗ್ಗಿಸಿಕೊಳ್ಳುತ್ತಾರೆ. 2021ರಲ್ಲಿ ಭಾರತದಲ್ಲಿ ಬಿಡುಗಡೆಯಾದ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಆಟದಲ್ಲಿ 'ಸ್ಮೂತ್' ಎಂಬ ಸರಳ ಚಿತ್ರಣವನ್ನು ಆಯ್ದುಕೊಂಡರೆ ಸೆಕೆಂಡಿಗೆ ಹೆಚ್ಚು ಚಿತ್ರಗಳು ದೊರೆತು ಕೈಯ ಚಲನೆಗೆ ಪರದೆ ಬೇಗ ಸ್ಪಂದಿಸುತ್ತದೆ. ಹುಲ್ಲಿನ ಎಸಳಿನ ಅಂದಕ್ಕಿಂತ ಹುಲ್ಲಿನಲ್ಲಿ ಅಡಗಿದ ಎದುರಾಳಿ ಕಾಣುವುದು ಅವರಿಗೆ ಮುಖ್ಯ. ಕಡಿಮೆ ಸ್ಮೃತಿಸಾಮರ್ಥ್ಯದ ಫೋನ್ ಹೊಂದಿರುವವರಿಗಂತೂ ಇದು ರುಚಿಯ ಪ್ರಶ್ನೆಯಲ್ಲ, ಅನಿವಾರ್ಯತೆ. ಗ್ರಾಫಿಕ್ಸ್ ಭಾರವಾದಷ್ಟೂ ಆಟವು ಅಗ್ಗದ ಫೋನಿನವರ ಕೈಗೆ ಎಟುಕದೆ ಹೋಗುತ್ತದೆ.

ಬೆಂಗಳೂರಿನ ಉದ್ಯಮ

ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಆಟತಯಾರಿಕಾ ಸಂಸ್ಥೆಗಳಲ್ಲೊಂದು. ವಿದೇಶಿ ಸಂಸ್ಥೆಗಳ ಆಟಗಳಿಗೆ ಆಕೃತಿ, ವಾಹನ, ಪರಿಸರ ಮುಂತಾದ ಚಿತ್ರಭಾಗಗಳನ್ನು ಸಿದ್ಧಪಡಿಸಿಕೊಡುವುದು ಅದರ ಮುಖ್ಯ ಕಾರ್ಯವಾಯಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡು ಬೆಂಗಳೂರಿನ ತನ್ನ ಘಟಕದೊಡನೆ ಸೇರಿಸಿಕೊಂಡಿತು. ಕರ್ನಾಟಕ ಸರ್ಕಾರ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗಾಗಿ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ರೂಪಿಸಿದ್ದು, 2024ರಿಂದ 2029ರ ಅವಧಿಗೆ ಅದರ ಮೂರನೆಯ ಆವೃತ್ತಿ ಜಾರಿಯಲ್ಲಿದೆ.

ಪರದೆಯ ಮೇಲಿನ ಪ್ರತಿಯೊಂದು ಮರ, ಕಲ್ಲು, ಉಡುಪಿನ ಮಡಿಕೆಯನ್ನೂ ಯಾರಾದರೂ ಕುಳಿತು ರಚಿಸಬೇಕಾದುದರಿಂದ ಗ್ರಾಫಿಕ್ಸ್ ಪೈಪೋಟಿ ಇಲ್ಲಿಯ ಯುವಕಲಾವಿದರಿಗೆ ಅನ್ನದ ದಾರಿಯಾಯಿತು. ಆದರೆ ಚಿತ್ರ ಬಿಡಿಸುವವರು ಇಲ್ಲಿ, ನಿಯಮ ರಚಿಸುವವರು ಬೇರೆಡೆ ಎಂಬ ವಿಭಜನೆಯ ದುರ್ಬಲತೆಯೂ ಗೋಚರಿಸಿದೆ. 2025ರ ಫೆಬ್ರವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ, ಚಲನಚಿತ್ರ ಮತ್ತು ಆಟಗಳಿಗೆ ದೃಶ್ಯಕಾರ್ಯ ಮಾಡುತ್ತಿದ್ದ ಅದರ ಬೆಂಗಳೂರಿನ ಘಟಕಗಳೂ ಮುಚ್ಚಿ ಕಲಾವಿದರು ಕೆಲಸ ಕಳೆದುಕೊಂಡರು. ಇದಕ್ಕೆ ವ್ಯತಿರಿಕ್ತವಾಗಿ, 2013ರಲ್ಲಿ ಬೆಂಗಳೂರಿನಲ್ಲೇ ಸ್ಥಾಪನೆಯಾದ ಮೂನ್‌ಫ್ರಾಗ್ ಲ್ಯಾಬ್ಸ್ 'ತೀನ್ ಪತ್ತಿ ಗೋಲ್ಡ್', 'ಲೂಡೊ ಕ್ಲಬ್' ಎಂಬ ಸರಳ ಚಿತ್ರಣದ ಆಟಗಳಿಂದ ಜನಪ್ರಿಯವಾಯಿತು. ಲೂಡೊ ಪಗಡೆಯ ಬಳಗಕ್ಕೆ ಸೇರಿದ ಪಚ್ಚೀಸಿಯಿಂದ ಹುಟ್ಟಿ 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಆಟ.

ಮೈಸೂರಿನ ಗಂಜೀಫಾ

ಚಿತ್ರಸಮೃದ್ಧಿ ಮತ್ತು ಆಟದ ಸಂಬಂಧಕ್ಕೆ ಗಣಕಪೂರ್ವ ಕಾಲದ ಒಂದು ನಿದರ್ಶನ ಮೈಸೂರಿನ ಗಂಜೀಫಾ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳ ಹತ್ತು ವರ್ಗಗಳಿದ್ದು, ವರ್ಗಕ್ಕೆ 12ರಂತೆ 120 ಎಲೆಗಳಿರುತ್ತವೆ. ಅರ್ಧ ವರ್ಗಗಳಲ್ಲಿ ಅಂಕೆಗಳ ಬೆಲೆ ತಿರುವುಮುರುವಾಗುತ್ತದೆ. ಬಿದ್ದ ಎಲೆಗಳನ್ನು ನೆನಪಿಟ್ಟವನಿಗೇ ಗೆಲುವು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಹಲವು ಆಟಗಳನ್ನು ವಿವರಿಸಿದ್ದು, ಅವುಗಳಲ್ಲಿ ಅತಿದೊಡ್ಡ ಎಲೆಯಾಟಕ್ಕೆ 360 ಎಲೆಗಳು ಬೇಕು. ಕೈಯಿಂದ ಬಣ್ಣ ಹಾಕಿದ ಅಷ್ಟು ಎಲೆಗಳನ್ನು ಮಾಡಿಸುವುದು ಅರಮನೆಗೆ ಮಾತ್ರ ಸಾಧ್ಯವಿತ್ತು.

ಮುದ್ರಿತ ಇಸ್ಪೀಟು ಅಗ್ಗವಾಗಿ ದೊರೆಯತೊಡಗಿದ ಮೇಲೆ ಗಂಜೀಫಾ ಆಡುವವರು ವಿರಳರಾದರು. ಇಂದು ಮೈಸೂರು ಗಂಜೀಫಾ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಚಿತ್ರಕಲೆಯಾಗಿ ಉಳಿದಿದೆ. ಎಲೆಗಳು ಚೌಕಟ್ಟಿನೊಳಗೆ ಗೋಡೆಯನ್ನು ಅಲಂಕರಿಸುತ್ತವೆ, ಆಡುವ ಕ್ರಮವನ್ನು ಬಲ್ಲವರು ಕೆಲವರು ಮಾತ್ರ. ಇಲ್ಲಿ ಆಟವನ್ನು ಕೆಡಿಸಿದ್ದು ಚಿತ್ರವಲ್ಲ. ಬೆಲೆಯಿಂದಾಗಿ ಎಲೆಗಳು ಜನಸಾಮಾನ್ಯರ ಕೈಯಿಂದ ದೂರ ಉಳಿದವು, ಆಡುವವರಿಲ್ಲದೆ ನಿಯಮಗಳು ಮರೆಯಾದವು. ಇದಕ್ಕೆ ಪ್ರತಿಯಾಗಿ, ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಸಾಂಪ್ರದಾಯಿಕ ಮಣೆಯಾಟಗಳ ಹಾಸು, ಕಾಯಿಗಳನ್ನು ಮತ್ತೆ ಜನರ ಮುಂದಿಟ್ಟಿದೆ.

ಮೌಲ್ಯಮಾಪನ

ಗ್ರಾಫಿಕ್ಸ್ ಪ್ರಗತಿಯು ಆಟದ ಆಳಕ್ಕೆ ಸ್ವಭಾವತಃ ವಿರೋಧಿಯಲ್ಲ. ಚಿತ್ರದ ವೆಚ್ಚವು ಕ್ರಿಯೆಗಳನ್ನು ಮೊಟಕುಗೊಳಿಸಿದಾಗ, ಹೊಸ ನಿಯಮಗಳ ಪ್ರಯೋಗಕ್ಕೆ ಅಡ್ಡಿಯಾದಾಗ, ಅಥವಾ ಆಟವನ್ನು ಆಡುವವರ ಕೈಗೆ ಎಟುಕದಂತೆ ಮಾಡಿದಾಗ ಮಾತ್ರ ಅದು ಹಾನಿಕರವಾಗುತ್ತದೆ. ಒಂದು ಆಟದ ಆಳವನ್ನು ಅರಿಯಲು ಅದರ ಚಿತ್ರಗಳನ್ನು ಸರಳ ಗುರುತುಗಳಿಂದ ಬದಲಿಸಿ ಆಡಿದರೆ ಎಷ್ಟು ಉಳಿಯುತ್ತದೆ ಎಂದು ನೋಡುವುದು ಉಪಯುಕ್ತ ಪರೀಕ್ಷೆ. ಚಿತ್ರವೇ ನಿಯಮದ ಭಾಗವಾಗಿರುವ ಆಟಗಳಿಗೆ ಈ ಪರೀಕ್ಷೆ ಪೂರ್ತಿ ಹೊಂದದು.