ಹಾರ್ಟ್ ಫೇಲ್ಯೂರ್ ಇರುವವರು ಭಾರ ಎತ್ತಲೇಬಾರದೇ?

ಹೃದಯದ ತೊಂದರೆ ಇದ್ದವರು ಭಾರ ಮುಟ್ಟಬಾರದು, ಸುಮ್ಮನೆ ಮಲಗಿರಬೇಕು ಎನ್ನುವ ಮಾತು ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಿಮ್ ಎಂದರೇ ಜನ ಹೆದರಿದರು. ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಆದರೆ ಹಠಾತ್ತನೆ ಹೃದಯ ಬಡಿತ ನಿಲ್ಲುವುದು ಬೇರೆ, ಹಾರ್ಟ್ ಫೇಲ್ಯೂರ್ ಬೇರೆ.

ಹೆಸರು ಕೇಳಿ ಹೃದಯವೇ ನಿಂತುಹೋಗಿದೆ ಎಂದುಕೊಳ್ಳಬೇಡಿ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪಂಪ್ ಮಾಡಲಾಗದ ಸ್ಥಿತಿಯೇ ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ವೈಫಲ್ಯ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಕಾಲು ಊತ, ಸುಸ್ತು. ಮಾತ್ರೆ ತೆಗೆದುಕೊಂಡು ವರ್ಷಗಟ್ಟಲೆ ಇದರ ಜೊತೆ ಬದುಕುವವರಿದ್ದಾರೆ.

ವಿಶ್ರಾಂತಿಯ ಸಲಹೆ ಎಲ್ಲಿಂದ ಬಂತು? ಡಾಕ್ಟರುಗಳಿಂದಲೇ. 1980ರ ದಶಕದವರೆಗೂ ಈ ರೋಗಿಗಳಿಗೆ ಬೆಡ್ ರೆಸ್ಟ್ ಹೇಳುವುದು ಸಾಮಾನ್ಯವಾಗಿತ್ತು. ಆಮೇಲೆ ಗೊತ್ತಾದದ್ದು, ಸುಸ್ತಿಗೆ ಹೃದಯವೊಂದೇ ಕಾರಣವಲ್ಲ ಎಂದು. ಕಾಯಿಲೆ ಹಳೆಯದಾದಂತೆ ತೊಡೆ, ತೋಳಿನ ಸ್ನಾಯುಗಳು ಕರಗುತ್ತವೆ, ಬಂದ ರಕ್ತದಿಂದ ಆಮ್ಲಜನಕ ಬಳಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಮಲಗಿದಷ್ಟೂ ಇದು ಹೆಚ್ಚು. ಅಜ್ಜನಿಗೆ ಕುರ್ಚಿಯಿಂದ ಏಳಲಾಗದಿದ್ದರೆ ತಪ್ಪು ಹೃದಯದ್ದಷ್ಟೇ ಅಲ್ಲ, ತೊಡೆಯದ್ದೂ ಹೌದು.

ಸ್ನಾಯು ಬಲಪಡಿಸುವ ವ್ಯಾಯಾಮ ಕೆಲಸಕ್ಕೆ ಬರುವುದು ಇಲ್ಲೇ. ಅಮೆರಿಕದಲ್ಲಿ ನಡೆದ ರಿಹ್ಯಾಬ್-ಎಚ್‌ಎಫ್ ಎಂಬ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಹಾರ್ಟ್ ಫೇಲ್ಯೂರ್‌ನಿಂದ ಆಸ್ಪತ್ರೆ ಸೇರಿದ್ದ 349 ಹಿರಿಯರಲ್ಲಿ ಒಂದು ಗುಂಪಿಗೆ ಬಲ, ಸಮತೋಲನ, ನಡಿಗೆ, ದಮ್ಮು ನಾಲ್ಕಕ್ಕೂ ತರಬೇತಿ ಕೊಟ್ಟರು. ಅವರ ಓಡಾಟದ ಶಕ್ತಿ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತು. ಮತ್ತೆ ಆಸ್ಪತ್ರೆ ಸೇರುವುದು ಮಾತ್ರ ಸ್ಪಷ್ಟವಾಗಿ ಕಡಿಮೆಯಾಗಲಿಲ್ಲ. ಆದ್ದರಿಂದ ಡಂಬಲ್ ಎತ್ತಿದರೆ ಹೃದಯ ರಿಪೇರಿ ಎನ್ನುವ ಫಾರ್ವರ್ಡ್ ಬಂದರೆ ಅದನ್ನೂ ನಂಬಬೇಡಿ.

ಭಾರದ ಭಯಕ್ಕೆ ಆಧಾರವೇ ಇಲ್ಲವೆಂದಲ್ಲ. ಉಸಿರು ಬಿಗಿಹಿಡಿದು, ಮುಕ್ಕಿ ಎತ್ತಿದರೆ ಬಿಪಿ ಸರ್ರನೆ ಏರುತ್ತದೆ. 1985ರ ಅಧ್ಯಯನವೊಂದರಲ್ಲಿ ಬಾಡಿಬಿಲ್ಡರುಗಳು ಎರಡೂ ಕಾಲಿನಿಂದ ಭಾರೀ ತೂಕ ಒತ್ತುವಾಗ ಬಿಪಿ ಸರಾಸರಿ 320/250ಕ್ಕೆ ಹೋಗಿತ್ತು! ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆಜಿ, ವಾಟರ್ ಕ್ಯಾನ್ 20 ಕೆಜಿ. ಇವನ್ನು ಒಮ್ಮೆಲೇ ಎತ್ತುವುದು ವ್ಯಾಯಾಮವಲ್ಲ, ಅಪಾಯ. ಹಗುರ ತೂಕವನ್ನು ನಿಧಾನವಾಗಿ 10–15 ಬಾರಿ ಎತ್ತುವಾಗ ಬಿಪಿ ಅಷ್ಟು ಏರುವುದಿಲ್ಲ.

ಅರ್ಧ ಲೀಟರ್ ನೀರಿನ ಬಾಟಲಿಯೇ ಡಂಬಲ್ ಆದೀತು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ರಬ್ಬರ್ ಬ್ಯಾಂಡ್ ಎಳೆಯುವುದು ಸಾಕು. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಮಾತನಾಡಲು ಆಗುವಷ್ಟೇ ಶ್ರಮವಿರಲಿ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು. ನಡಿಗೆ ಬಿಡಬೇಡಿ, ಇದು ಅದರ ಜೊತೆಗೆ. ಕೋಗಿಲು, ಯಲಹಂಕ ಕಡೆ ಪಾರ್ಕುಗಳ ಓಪನ್ ಜಿಮ್ ಉಪಕರಣಗಳನ್ನೂ ಕೆಲವರು ಬಳಸುತ್ತಾರೆ. ಅವುಗಳಲ್ಲಿ ಬಹುಪಾಲು ನಮ್ಮ ದೇಹದ ತೂಕವನ್ನೇ ಎತ್ತಿಸುತ್ತವೆ, ಕಡಿಮೆ ಮಾಡಿಕೊಳ್ಳಲು ಬರುವುದಿಲ್ಲ. ಹೊಸಬರಿಗೆ ಬಾಟಲಿಯೇ ವಾಸಿ.

ಶುರು ಮಾಡುವ ಮೊದಲು ನಿಮ್ಮ ಹೃದ್ರೋಗ ತಜ್ಞರನ್ನು ಕೇಳಲೇಬೇಕು. ಕಾಯಿಲೆ ಹತೋಟಿಯಲ್ಲಿದೆಯೇ, ಎಕೋ ವರದಿ ಏನು ಹೇಳುತ್ತದೆ ಎಂದು ನೋಡಿಯೇ ಅವರು ಹೇಳುತ್ತಾರೆ. ಸಾಧ್ಯವಾದರೆ ಮೊದಲ ಕೆಲವು ವಾರ ಫಿಸಿಯೋಥೆರಪಿಸ್ಟ್ ಎದುರಲ್ಲೇ ಮಾಡಿ. ಹೃದಯದ ಕವಾಟ ತೀರಾ ಕಿರಿದಾಗಿದ್ದವರು, ಬಡಿತದ ಏರುಪೇರು ಹತೋಟಿಗೆ ಬಾರದವರು ಮಾಡಬಾರದು. ಪೇಸ್‌ಮೇಕರ್ ಹಾಕಿಸಿಕೊಂಡ ಮೊದಲ ವಾರಗಳಲ್ಲಿ ಆ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ. ಕೂತಲ್ಲೇ ಉಬ್ಬಸ ಬಂದರೆ, ಮೂರು ದಿನದಲ್ಲಿ ತೂಕ 2 ಕೆಜಿಗಿಂತ ಹೆಚ್ಚು ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು. ವ್ಯಾಯಾಮ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಮಾಡುವಾಗಲೇ ಎದೆನೋವು ಅಥವಾ ಕಣ್ಣು ಕತ್ತಲೆ ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.